ಹರ್ಕ್ಯುಲಿಸ್ ದುಂಬಿಗೆ ಕೊಂಬು ಯಾತಕ್ಕೆ?

1766ರಲ್ಲಿ ಆಫ್ರಿಕಾದ ಗ್ಯಾಬೊನ್ ನದಿಯ ಅಳಿವೆಯಲ್ಲಿ ಸತ್ತ ದುಂಬಿಯೊಂದು ತೇಲುತ್ತಿತ್ತು. ಅದನ್ನು ಎತ್ತಿಕೊಂಡವನು 'ರಿನೌನ್' ಎಂಬ ಬ್ರಿಟಿಷ್ ಯುದ್ಧನೌಕೆಯ ವೈದ್ಯ ಓಗಿಲ್ವಿ. ಅಂಗೈ ತುಂಬುವ ಗಾತ್ರ, ತಲೆಯ ತುದಿಯಲ್ಲಿ ಕವಲೊಡೆದ ಗಿಡ್ಡ ಕೊಂಬು. ಇಂಥದ್ದನ್ನು ಯುರೋಪಿನಲ್ಲಿ ಯಾರೂ ಕಂಡಿರಲಿಲ್ಲ. ಲಂಡನ್ನಿಗೆ ಬಂದ ದುಂಬಿ ಕೊನೆಗೆ ವೈದ್ಯ ವಿಲಿಯಂ ಹಂಟರ್‌ನ ಸಂಗ್ರಹ ಸೇರಿತು. ಬೆಳ್ಳಿ ಕೆಲಸದ ವ್ಯಾಪಾರಿ ಡ್ರೂ ಡ್ರೂರಿ ಅದರ ಚಿತ್ರ ಅಚ್ಚು ಹಾಕಿಸಿದನಾದರೂ ಚಿತ್ರದಿಂದ ಅವನ ಆಸೆ ತೀರಲಿಲ್ಲ. 1771ರಲ್ಲಿ ಹೆನ್ರಿ ಸ್ಮೀತ್‌ಮನ್ ಎಂಬ ತರುಣ ಕೀಟ, ಗಿಡ ಹುಡುಕಿಕೊಂಡು ಸಿಯೆರಾ ಲಿಯೋನ್‌ಗೆ ಹಡಗು ಹತ್ತಿದಾಗ ಹಣ ಹಾಕಿದವರಲ್ಲಿ ಡ್ರೂರಿಯೂ ಇದ್ದ. ಅದೇ ವರ್ಷ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ದುಂಬಿಗೆ ಬೈಬಲ್ಲಿನ ದೈತ್ಯ ಗೋಲಿಯಾತ್‌ನ ಹೆಸರಿಟ್ಟ. ನೀರಿನಿಂದೆತ್ತಿದ ಆ ದುಂಬಿ ಈಗಲೂ ಗ್ಲಾಸ್ಗೋ ನಗರದ ಹಂಟೇರಿಯನ್ ಮ್ಯೂಸಿಯಂನಲ್ಲಿದೆ.

ಈ ದುಂಬಿಗಳ ಚರಿತ್ರೆ ಹೀಗೆ ಹೆಣದಿಂದಲೇ ಶುರುವಾಗುತ್ತದೆ. ಮುಂದೆ ಬಹಳ ಕಾಲ ನಡೆದದ್ದೂ ಹೆಣಗಳ ಮೇಲೆಯೇ.

ದೊಡ್ಡ ಕೊಂಬಿನ ದುಂಬಿಗಳಿಗೆ ಲಿನೇಯಸ್ ಪುರಾಣದ ಹೆಸರುಗಳನ್ನೇ ಹುಡುಕಿದ. 1758ರಲ್ಲಿ ಅಮೆರಿಕದ ಉಷ್ಣವಲಯದ ಒಂದಕ್ಕೆ ಹರ್ಕ್ಯುಲಿಸ್, ಆಗ್ನೇಯ ಏಷ್ಯಾದ ಇನ್ನೊಂದಕ್ಕೆ ಅಟ್ಲಾಸ್, ದಕ್ಷಿಣ ಅಮೆರಿಕದ ಮತ್ತೊಂದಕ್ಕೆ, ಜಿಂಕೆಯಾಗಿ ಬದಲಾದ ಬೇಟೆಗಾರ ಆಕ್ಟಿಯಾನ್ ಹೆಸರು. ಅತಿಶಯೋಕ್ತಿ ಅನ್ನುವಂತಿಲ್ಲ. ಹರ್ಕ್ಯುಲಿಸ್ ಗಂಡು ಕೊಂಬೂ ಸೇರಿ ಹದಿನೇಳು ಸೆಂಟಿಮೀಟರಿನವರೆಗೆ ಬೆಳೆಯುತ್ತದೆ, ಅದರಲ್ಲಿ ಅರ್ಧದ ಹತ್ತಿರ ಕೊಂಬೇ. ಎದೆಯಿಂದ ಮುಂದಕ್ಕೆ ಬಾಗಿ ಬಂದ ಉದ್ದನೆಯದು ಮೇಲೆ, ತಲೆಯಿಂದ ಎದ್ದ ಗಿಡ್ಡನೆಯದು ಕೆಳಗೆ. ನೋಡಿದರೆ ಇಕ್ಕಳದ ನೆನಪಾಗುತ್ತದೆ. ಹೆಣ್ಣಿಗೆ ಕೊಂಬಿಲ್ಲ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯೂ ಹರ್ಕ್ಯುಲಿಸ್‌ನ ಬಳಗದ್ದೇ. ಆದರೆ ಅದರ ಮೋಟು ಕೊಂಬಿಗೆ ಮರುಳಾದವರು ಕಡಿಮೆ.

ಮರುಳು ಹತ್ತೊಂಬತ್ತನೇ ಶತಮಾನದಲ್ಲಿ ದಂಧೆಯಾಯಿತು. ಮುಂದೆ ಡಾರ್ವಿನ್‌ನಂತೆಯೇ ವಿಕಾಸವಾದಕ್ಕೆ ತಲುಪಿದ ವ್ಯಾಲೇಸ್ ಮತ್ತು ಅವನ ಗೆಳೆಯ ಬೇಟ್ಸ್ 1848ರಲ್ಲಿ ಅಮೆಜಾನ್‌ಗೆ ಹೊರಟಾಗ ಇಬ್ಬರ ಜೇಬಿನಲ್ಲೂ ಹೇಳಿಕೊಳ್ಳುವಷ್ಟು ಹಣವಿರಲಿಲ್ಲ. ಲಂಡನ್ನಿನ ದಲ್ಲಾಳಿ ಸ್ಯಾಮ್ಯುಯೆಲ್ ಸ್ಟೀವನ್ಸ್ ಅವರ ಕೀಟಗಳನ್ನು ಶ್ರೀಮಂತ ಹವ್ಯಾಸಿಗಳಿಗೆ ಮಾರಿ ಕಳಿಸಿದ ದುಡ್ಡಿನಲ್ಲಿ ಸುತ್ತಾಟ ಸಾಗಿತು. ಆಮೇಲೆ ವ್ಯಾಲೇಸ್ ಮಲಯ ದ್ವೀಪಸಮೂಹದಲ್ಲಿ ಎಂಟು ವರ್ಷ ಅಲೆದು ಎಂಬತ್ತು ಸಾವಿರಕ್ಕೂ ಹೆಚ್ಚು ದುಂಬಿಗಳೊಡನೆ ಮರಳಿದ. ವಿಕಾಸವಾದದ ಒಂದು ಕಾಲು ಈ ಮಾರುಕಟ್ಟೆಯ ಮೇಲೆ ನಿಂತಿದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಇಷ್ಟೆಲ್ಲ ಗುಡ್ಡೆಯಾದ ಮೇಲೂ ಕೊಂಬು ಯಾತಕ್ಕೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

ಉತ್ತರಕ್ಕೆ ಕೈಹಾಕಿದವನು ಡಾರ್ವಿನ್. ಕೇಂಬ್ರಿಜ್‌ನಲ್ಲಿ ಓದುವಾಗ ಎರಡೂ ಕೈಯಲ್ಲಿ ದುಂಬಿ ಹಿಡಿದಿದ್ದವನು, ಮೂರನೆಯದು ಕಂಡಿತೆಂದು ಒಂದನ್ನು ಬಾಯಿಗೆ ಹಾಕಿಕೊಂಡು ನಾಲಗೆ ಸುಡಿಸಿಕೊಂಡ ಭೂಪ. 1871ರಲ್ಲಿ, ಮನುಷ್ಯನ ಹುಟ್ಟು ಮತ್ತು ಲೈಂಗಿಕ ಆಯ್ಕೆಯ ಬಗೆಗಿನ ಗ್ರಂಥದಲ್ಲಿ, ಅವನು ಅಟ್ಲಾಸ್ ದುಂಬಿಯ ಚಿತ್ರವನ್ನೂ ಸೇರಿಸಿದ. ಇದು ಕುದುರೆಯಷ್ಟೋ, ನಾಯಿಯಷ್ಟೋ ದೊಡ್ಡದಾಗಿದ್ದರೆ ಜಗತ್ತಿನ ಅತಿ ಭವ್ಯ ಪ್ರಾಣಿಗಳಲ್ಲಿ ಒಂದಾಗುತ್ತಿತ್ತು ಎಂದ. ಆದರೆ ಕಾದಾಡುವ ಆಯುಧವಾಗಿದ್ದರೆ ಕೊಂಬು ಸವೆದಿರಬೇಕಲ್ಲ? ಅಂಥ ಗುರುತು ಅವನಿಗೆ ಸಿಗಲಿಲ್ಲ. ಒಂದೇ ಜಾತಿಯ ಗಂಡುಗಳಲ್ಲೂ ಕೊಂಬಿನ ಅಳತೆ ಬೇರೆಬೇರೆ. ಹಾಗಾಗಿ ಇದು ನವಿಲಿನ ಗರಿಯಂಥ ಅಲಂಕಾರ ಎಂದು ತೀರ್ಮಾನಿಸಿದ.

ತರ್ಕ ಅಚ್ಚುಕಟ್ಟಾಗಿತ್ತು, ತೀರ್ಮಾನ ಮಾತ್ರ ತಪ್ಪಿತ್ತು. ದೋಷ ಡಾರ್ವಿನ್‌ನ ಬುದ್ಧಿಯದ್ದಲ್ಲ. ಆಗ ಕೈಗೆ ಸಿಗುತ್ತಿದ್ದುದೇ ಸೂಜಿ ಚುಚ್ಚಿದ ದುಂಬಿ. ರಾತ್ರಿ, ಮರದ ಮೇಲೆ, ಮಳೆಯಲ್ಲಿ ಅದು ಏನು ಮಾಡುತ್ತದೆ ಎಂದು ಡ್ರಾಯರ್‌ನೊಳಗಿನ ದುಂಬಿ ಹೇಳುವುದಿಲ್ಲ.

ಅದನ್ನು ನೋಡಲು ಕೂತವರಲ್ಲಿ ಒಬ್ಬ ವಿಲಿಯಂ ಬೀಬಿ. ಉಕ್ಕಿನ ಗೋಳದೊಳಗೆ ಕೂತು 1934ರಲ್ಲಿ ಸಮುದ್ರದಡಿಗೆ 900 ಮೀಟರಿಗೂ ಆಳ ಇಳಿದಿದ್ದ ಅದೇ ಬೀಬಿ. 1940ರ ದಶಕದಲ್ಲಿ ವೆನಿಜುವೆಲಾದ ಮೋಡಗಾಡಿನ ರಾಂಚೊ ಗ್ರಾಂಡೆಯಲ್ಲಿ, ಸರ್ವಾಧಿಕಾರಿ ಗೋಮೆಜ್ ಕಟ್ಟಿಸಲು ಹೊರಟು ಅರ್ಧಕ್ಕೆ ನಿಂತ ಕಟ್ಟಡದಲ್ಲಿ ಅವನ ಬಿಡಾರ. ಜೀವಂತ ಹರ್ಕ್ಯುಲಿಸ್ ಗಂಡುಗಳನ್ನು ಎದುರುಬದುರು ಬಿಟ್ಟು ನೋಡಿದ. ಅವು ಒಂದನ್ನೊಂದು ಕೊಂಬಿನ ಇಕ್ಕಳಕ್ಕೆ ಸಿಕ್ಕಿಸಿ, ನೆಲದಿಂದೆತ್ತಿ ಒಗೆಯುತ್ತಿದ್ದವು. 1947ರಲ್ಲಿ ಈ ಕಾಳಗದ ವಿವರ ಅಚ್ಚಾಯಿತು. ಎಪ್ಪತ್ತರ ದಶಕದಿಂದ ಜೀವವಿಜ್ಞಾನಿ ವಿಲಿಯಂ ಎಬರ್‌ಹಾರ್ಡ್ ಇತರ ಕೊಂಬಿನ ದುಂಬಿಗಳಲ್ಲೂ ಇದನ್ನೇ ಕಂಡ. ಜಗಳ ಅನ್ನ ಮತ್ತು ಹೆಣ್ಣಿಗಾಗಿ. ಕೊಲ್ಲುವುದು ಉದ್ದೇಶವಲ್ಲ, ಎದುರಾಳಿಯನ್ನು ಜಾಗದಿಂದ ಕೀಳುವುದು.

ಹಾಗಿದ್ದರೆ ಕೊಂಬಿನ ಆಕಾರ ಜಾತಿಗೊಂದು ಏಕೆ? 2014ರಲ್ಲಿ ಎರಿನ್ ಮೆಕಲೋ ಮತ್ತು ಸಂಗಡಿಗರು ಮೂರು ಬಗೆಯ ಕೊಂಬಿನ ಗಣಕ ಮಾದರಿ ಮಾಡಿ, ಬೇರೆಬೇರೆ ದಿಕ್ಕಿನಿಂದ ಬಲ ಹಾಕಿ ಪರೀಕ್ಷಿಸಿದರು. ಹರ್ಕ್ಯುಲಿಸ್ ಹಿಡಿದೆತ್ತುವ ಜಟ್ಟಿ, ಜಪಾನಿನ ಕಬುತೊಮುಶಿ ಸೀಳುಗೊಂಬನ್ನು ಕೆಳಗೆ ತೂರಿಸಿ ಮೀಟಿ ತಿರುಚುತ್ತದೆ, ಗೊಲೋಫ ಎಂಬ ಸಪೂರ ಕೊಂಬಿನದ್ದು ಕತ್ತಿವರಸೆ. ಪ್ರತಿಯೊಂದೂ ತನ್ನ ಪಟ್ಟಿಗೆ ಬರುವ ಬಲವನ್ನು ತಡೆಯುವಲ್ಲಿ ಗಟ್ಟಿ, ಬೇರೆಯದರ ಪಟ್ಟು ಹಾಕಿದರೆ ದುರ್ಬಲ. ಡಾರ್ವಿನ್‌ನನ್ನು ಗೊಂದಲಕ್ಕೆ ಕೆಡವಿದ ಅಳತೆಯ ಏರುಪೇರಿಗೂ ಉತ್ತರ ಸಿಕ್ಕಿತು. ಕೊಳೆತ ಮರದೊಳಗೆ ಒಂದೆರಡು ವರ್ಷ ಮೇಯುವ ಗೊಣ್ಣೆಹುಳ ಹೊಟ್ಟೆತುಂಬ ತಿಂದರೆ ಕೊಂಬು ಉದ್ದ, ಅರೆಹೊಟ್ಟೆಯಾದರೆ ಮೋಟು. 2012ರಲ್ಲಿ ಡಗ್ಲಸ್ ಎಮ್ಲೆನ್ ತಂಡ ಕಬುತೊಮುಶಿಯಲ್ಲಿ, ಊಟಕ್ಕೆ ತಕ್ಕಂತೆ ಬೆಳೆಯಲು ಅಂಗಗಳಿಗೆ ಹೇಳುವ ಇನ್ಸುಲಿನ್ ಸಂಕೇತಕ್ಕೆ ತಡೆ ಒಡ್ಡಿತು: ಕೊಂಬು ಎದ್ದು ಕಾಣುವಷ್ಟು ಕುಗ್ಗಿತು, ರೆಕ್ಕೆ ಅಷ್ಟಿಷ್ಟು, ಜನನಾಂಗಕ್ಕೆ ಏನೂ ಆಗಲಿಲ್ಲ. ಅಂದರೆ ಕೊಂಬು ಗಂಡಿನ ಬಾಲ್ಯದ ಊಟದ ಲೆಕ್ಕಪತ್ರ.

ಹರ್ಕ್ಯುಲಿಸ್ ತನ್ನ ತೂಕದ 850 ಪಟ್ಟು ಹೊರುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ನಂಬಬೇಡಿ. 1996ರಲ್ಲಿ ರಾಜರ್ ಕ್ರಾಮ್ ಇದೇ ಬಳಗದ ಚಿಕ್ಕದೊಂದು ದುಂಬಿಯ ಬೆನ್ನಿಗೆ ಭಾರ ಕಟ್ಟಿ ನಡೆಸಿದಾಗ ಅದು ಹೊತ್ತು ನಡೆದದ್ದು ಸುಮಾರು ಮೂವತ್ತು ಪಟ್ಟು. ಅದೇನು ಕಡಿಮೆಯೇ! ನನಗೆ ಬೆರಗು ಹುಟ್ಟಿಸುವುದು ಬಣ್ಣ. ಹರ್ಕ್ಯುಲಿಸ್‌ನ ಗಡಸು ರೆಕ್ಕೆ ಒಣಹವೆಯಲ್ಲಿ ಹಳದಿ ಮಿಶ್ರಿತ ಹಸಿರು, ತೇವ ಏರಿದರೆ ಕಪ್ಪು. ರೆಕ್ಕೆಯ ಹೊರಪದರದ ಕೆಳಗೆ ಸ್ಪಂಜಿನಂಥ ಪದರವಿದೆ. ಅದರ ರಂಧ್ರಗಳಲ್ಲಿ ಗಾಳಿಯಿದ್ದರೆ ಬೆಳಕು ಮರಳಿ ಬರುತ್ತದೆ, ನೀರು ತುಂಬಿಕೊಂಡರೆ ಒಳಗಿನ ಕಪ್ಪಿಗೆ ಇಳಿದುಹೋಗುತ್ತದೆ.

ಸ್ಟೀವನ್ಸ್‌ನ ಅಂಗಡಿ ಹೋಯಿತು, ವ್ಯಾಪಾರ ಹೋಗಲಿಲ್ಲ. ಬೇಸಿಗೆಯಲ್ಲಿ ಮಕ್ಕಳು ದುಂಬಿ ಸಾಕುವ ಜಪಾನ್, 1999ರಲ್ಲಿ ಹಲವು ವಿದೇಶಿ ದುಂಬಿಗಳನ್ನು ಜೀವಂತ ತರಿಸಲು ಬಾಗಿಲು ತೆರೆಯಿತು. 2003ರಲ್ಲಿ ಸೆಗಾ ಕಂಪನಿಯ 'ಮುಷಿಕಿಂಗ್' ಎಂಬ ದುಂಬಿ ಕಾಳಗದ ಆಟ ಬಂದು ಹುಚ್ಚು ಇನ್ನಷ್ಟು ಏರಿತು. ಸಾಕುವವರು ಗೊಣ್ಣೆಹುಳಕ್ಕೆ ಹುದುಗಿಸಿದ ಮರದ ಹುಡಿ ತಿನ್ನಿಸುತ್ತಾರೆ, ಮಿಲಿಮೀಟರ್ ಲೆಕ್ಕದಲ್ಲಿ ಪೈಪೋಟಿ ನಡೆಸುತ್ತಾರೆ. ಹೀಗೆ ಮೇಯಿಸಿದ ಆಕ್ಟಿಯಾನ್ ಹುಳ 200 ಗ್ರಾಂ ದಾಟಿದ್ದೂ ಇದೆ. ಕಾಡಿನಿಂದ ಹಿಡಿಯುವುದೂ ನಿಂತಿಲ್ಲ. ಬೊಲಿವಿಯಾದ ಕೋರಿಕೆಯಂತೆ ಅಲ್ಲಿನ ಸೇಟನಾಸ್ ದುಂಬಿಯನ್ನು 2010ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿ ಸಾಗಾಟಕ್ಕೆ ಪರವಾನಗಿ ಕಡ್ಡಾಯ ಮಾಡಬೇಕಾಯಿತು.

ಮೋಟು ಕೊಂಬಿನ ಗಂಡನ್ನು ಈ ಸಂತೆಯಲ್ಲಿ ಕೇಳುವವರಿಲ್ಲ. ಅದರ ಬದುಕನ್ನೂ ಎಬರ್‌ಹಾರ್ಡ್ ಗಮನಿಸಿದ್ದ. ಕಬ್ಬಿನ ಜಲ್ಲೆ ಕೊರೆದು ಬಿಲ ಮಾಡುವ ಪೊಡಿಶ್ನಸ್ ಜಾತಿಯಲ್ಲಿ ಇಂಥ ಗಂಡುಗಳು ದೊಡ್ಡವಕ್ಕಿಂತ ಮೊದಲೇ ನೆಲದಿಂದ ಹೊರಬೀಳುತ್ತವೆ, ಹೆಚ್ಚು ದೂರ ಹಾರುತ್ತವೆ. ಉದ್ದ ಕೊಂಬಿನವು ಅಖಾಡಕ್ಕೆ ಇಳಿಯುವ ಹೊತ್ತಿಗೆ ಅವು ಅಲ್ಲಿಂದ ಜಾಗ ಖಾಲಿ ಮಾಡಿರುತ್ತವೆ.