ಎರಡು ಸಿಲಿಂಡರಿಗೆ ಒಂದೇ ಬಾಯಿ: ಹಳೆಯ ಅಂಬಾಸಿಡರ್‌ಗೆ ಯಾವ ಇಂಜೆಕ್ಷನ್?

ಹಳೆಯ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಪಕ್ಕದಿಂದ ಮ್ಯಾನಿಫೋಲ್ಡನ್ನು (ಗಾಳಿ, ಹೊಗೆಗಳ ಕೊಳವೆಗಳ ಜೋಡಣೆಯನ್ನು) ಬಿಚ್ಚಿ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ನಾಲ್ಕು ಸಿಲಿಂಡರುಗಳಿಗೆ ಗಾಳಿ ಒಳಹೋಗಲು ನಾಲ್ಕು, ಹೊಗೆ ಹೊರಬರಲು ನಾಲ್ಕು, ಹೀಗೆ ಎಂಟು ಬಾಯಿಗಳಿರಬೇಕಾದ ಸಿಲಿಂಡರ್ ಹೆಡ್ಡಿನಲ್ಲಿ ಇರುವುದು ಐದೇ. ಒಂದು ಮತ್ತು ಎರಡನೆಯ ಸಿಲಿಂಡರುಗಳು ಒಂದೇ ಬಾಯಿಯಿಂದ ಉಸಿರೆಳೆಯುತ್ತವೆ. ಮೂರು ಮತ್ತು ನಾಲ್ಕನೆಯವು ಇನ್ನೊಂದರಿಂದ. ಹೊಗೆಯ ಮೂರು ದಾರಿಗಳಲ್ಲಿ ನಡುವಿನದನ್ನು ಎರಡು ಮತ್ತು ಮೂರನೆಯ ಸಿಲಿಂಡರುಗಳು ಹಂಚಿಕೊಂಡಿವೆ. ಬ್ರಿಟನ್ನಿನ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಎಂಬ ಈ ವಿನ್ಯಾಸವೇ ದೊಡ್ಡದಾಗಿ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿತ್ತು. ಇದರ ತಮ್ಮನಂತಿದ್ದ ‘ಎ ಸೀರೀಸ್’ ಮಿನಿ ಕಾರಿನಲ್ಲಿತ್ತು. ಇಂಥ ಎಂಜಿನ್ನಿನಿಂದ, ಗಾಳಿಯ ಎಳೆತದಿಂದಲೇ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ತೆಗೆದು, ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಧನ ಇಂಜೆಕ್ಷನ್ ಅಳವಡಿಸಬೇಕೆಂದು ಹೊರಟವರು ಕ್ಯಾಟಲಾಗ್ ತೆರೆಯುವ ಮುನ್ನ ಈ ಐದು ಬಾಯಿಗಳನ್ನು ಎಣಿಸಿಕೊಳ್ಳಬೇಕು. ಆಯ್ಕೆಯನ್ನು ಮುಕ್ಕಾಲು ಪಾಲು ನಿರ್ಧರಿಸುವುದು ಅವೇ.

ಕಾರ್ಬ್ಯುರೇಟರನ್ನು ತೆಗೆಯುವುದಾದರೂ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಈ ಕಾರುಗಳ ಎಸ್‌ಯು ಕಾರ್ಬ್ಯುರೇಟರ್ ಬಹಳ ಜಾಣ ಯಂತ್ರ: ಎಂಜಿನ್ನು ಎಳೆಯುವ ಗಾಳಿ ಹೆಚ್ಚಿದಂತೆ ಅದರೊಳಗಿನ ಪಿಸ್ಟನ್ ಮೇಲೇಳುತ್ತದೆ, ಅದಕ್ಕೆ ಅಂಟಿಕೊಂಡ ಮೊನಚು ಸೂಜಿ ಜೆಟ್ಟಿನಿಂದ (ಪೆಟ್ರೋಲ್ ಬರುವ ರಂಧ್ರದಿಂದ) ಮೇಲೆ ಬಂದು ಅಷ್ಟಷ್ಟೇ ಹೆಚ್ಚು ಪೆಟ್ರೋಲನ್ನು ಬಿಡುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಗಾಳಿಯ ಹರಿವು ಮಾತ್ರ. ಗಾಳಿಯ ಸಾಂದ್ರತೆಯಾಗಲಿ, ಟ್ಯಾಂಕಿನಲ್ಲಿರುವ ಇಂಧನದ ಜಾತಿಯಾಗಲಿ ಗೊತ್ತಿಲ್ಲ. ಸಮುದ್ರಮಟ್ಟದ ಮಂಗಳೂರಿನಲ್ಲಿ ಸರಿಯಾಗಿ ಹೊಂದಿಸಿದ ಕಾರನ್ನು ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಶೇ. 8ರಿಂದ 9ರಷ್ಟು ಇಳಿದಿರುತ್ತದೆ. ಕಾರ್ಬ್ಯುರೇಟರಿನಲ್ಲಿ ಮಿಶ್ರಣದ ವ್ಯತ್ಯಾಸ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ, ಪೆಟ್ರೋಲಿನ ಪಾಲು ಶೇ. 4ರಿಂದ 5ರಷ್ಟು ಹೆಚ್ಚಾಗುತ್ತದೆ. ಇನ್ನೊಂದು ಕಡೆಯಿಂದ ಎಥನಾಲ್ ಬಂತು. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ, ಎಥನಾಲಿಗೆ 9 ಕಿಲೋ ಸಾಕು. ಇ20ಕ್ಕೆ ಸುಮಾರು 13.5. ಅಂದರೆ ಹಳೆಯ ಸೂಜಿಯನ್ನೇ ಇಟ್ಟುಕೊಂಡು ಇ20 ತುಂಬಿಸಿದರೆ ಮಿಶ್ರಣ ಶೇ. 8ರಷ್ಟು ಬಡವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ. ಬೆಂಗಳೂರಿನ ಎತ್ತರ ಒಂದು ಕಡೆಗೆ, ಎಥನಾಲ್ ಇನ್ನೊಂದು ಕಡೆಗೆ ಎಳೆದು ಅರ್ಧದಷ್ಟು ಲೆಕ್ಕ ತಾನಾಗಿಯೇ ಚುಕ್ತಾ ಆಗುವುದು ಒಂದು ತಮಾಷೆ. ಆದರೆ ಶಿರಾಡಿ ಘಾಟಿ ಇಳಿದು ಕರಾವಳಿ ಸೇರುವ ಹೊತ್ತಿಗೆ ಆ ಹೊಂದಾಣಿಕೆ ಮುರಿದುಬೀಳುತ್ತದೆ.

ಇಂಜೆಕ್ಷನ್ನಿನ ಕಂಪ್ಯೂಟರ್ ಈ ಕೆಲಸವನ್ನು ಅಳತೆಯಿಂದ ಮಾಡುತ್ತದೆ. ಮ್ಯಾನಿಫೋಲ್ಡಿನೊಳಗಿನ ನಿರಪೇಕ್ಷ ಒತ್ತಡ, ಒಳಬರುವ ಗಾಳಿಯ ಉಷ್ಣತೆ ಮತ್ತು ಎಂಜಿನ್ನಿನ ವೇಗ ಗೊತ್ತಿದ್ದರೆ, ಶಾಲೆಯಲ್ಲಿ ಕಲಿತ ಅನಿಲ ನಿಯಮದಿಂದಲೇ ಪ್ರತಿ ಸಿಲಿಂಡರ್ ಎಷ್ಟು ಗ್ರಾಂ ಗಾಳಿ ಕುಡಿಯಿತೆಂದು ಲೆಕ್ಕ ಹಾಕಬಹುದು. ಹೊಗೆಕೊಳವೆಯಲ್ಲಿ ಕೂರಿಸಿದ ಲ್ಯಾಂಬ್ಡಾ ಸೆನ್ಸರ್ ಉಳಿದ ಆಮ್ಲಜನಕವನ್ನು ನೋಡಿ ತಪ್ಪನ್ನು ತಿದ್ದುತ್ತದೆ. ಹಾಗಾಗಿ ಎತ್ತರದ ಚಿಂತೆಯೂ ಎಥನಾಲಿನ ಚಿಂತೆಯೂ ಬಹುಮಟ್ಟಿಗೆ ಕಳೆಯುತ್ತವೆ.

ಇನ್ನು ಪೆಟ್ರೋಲನ್ನು ಎಲ್ಲಿ ಸಿಂಪಡಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಪ್ರತಿ ಸಿಲಿಂಡರಿನ ಬಾಯಲ್ಲೂ ಒಂದೊಂದು ಇಂಜೆಕ್ಟರ್ ಇಡುವುದು, ಅಂದರೆ ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದ ಎಂಪಿಎಫ್‌ಐ, ಮನಸ್ಸಿಗೆ ಮೊದಲು ಹೊಳೆಯುವ ಉತ್ತರ. ಎಂಟು ಬಾಯಿಯ ಎಂಜಿನ್ನುಗಳಿಗೆ ಅದೇ ಸರಿಯಾದ ಉತ್ತರವೂ ಹೌದು. ಐದು ಬಾಯಿಯ ಎಂಜಿನ್ನಿನಲ್ಲಿ ಅದು ಕೈಕೊಡುತ್ತದೆ, ಮತ್ತು ಕಾರಣ ಸೊಗಸಾಗಿದೆ.

ಈ ಎಂಜಿನ್ನಿನ ಉರಿಯುವ ಕ್ರಮ 1-3-4-2. ಮೊದಲ ಜೋಡಿಯನ್ನಷ್ಟೇ ಗಮನಿಸೋಣ. ಎರಡನೆಯ ಸಿಲಿಂಡರ್ ಉಸಿರೆಳೆಯಲು ತೊಡಗಿದ ಅರ್ಧ ಸುತ್ತಿಗೇ ಒಂದನೆಯದೂ ಎಳೆಯಲು ಶುರುಮಾಡುತ್ತದೆ; ಆಮೇಲೆ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಒಂದೂವರೆ ಸುತ್ತು ತಿರುಗುವವರೆಗೆ ಆ ಬಾಯಿಯಲ್ಲಿ ಹೊಸ ಉಸಿರು ಶುರುವಾಗುವುದಿಲ್ಲ. ಆಚೆಯ ಜೋಡಿಯಲ್ಲಿ ಇದೇ ರೀತಿ ಮೂರನೆಯದು ಮೊದಲು, ನಾಲ್ಕನೆಯದು ಅದರ ಬೆನ್ನಿಗೆ. ಬಾಯಿಯಲ್ಲಿ ಕೂರಿಸಿದ ಇಂಜೆಕ್ಟರ್ ಹೊತ್ತುಗೊತ್ತು ನೋಡದೆ ಸಿಂಪಡಿಸುತ್ತಿದ್ದರೆ, ಆ ದೀರ್ಘ ಬಿಡುವಿನಲ್ಲಿ ಶೇಖರವಾದ ಪೆಟ್ರೋಲೆಲ್ಲ ಮೊದಲು ಬಾಯಿ ತೆರೆಯುವ ಒಳಗಿನ (ಎರಡನೆಯ ಅಥವಾ ಮೂರನೆಯ) ಸಿಲಿಂಡರಿನ ಪಾಲಾಗುತ್ತದೆ. ಇಷ್ಟು ಹೊತ್ತಿಗೆ ಗಾಳಿಯ ಕಂಬ ವೇಗ ಪಡೆದಿರುವುದರಿಂದ, ಮತ್ತು ಒಂದರ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇನ್ನೊಂದರ ವಾಲ್ವ್ ತೆರೆಯುವುದರಿಂದ, ಹೊರಗಿನ ಸಿಲಿಂಡರಿಗೆ ಗಾಳಿ ಧಾರಾಳವಾಗಿ ಸಿಗುತ್ತದೆ, ಪೆಟ್ರೋಲ್ ಸಿಗುವುದಿಲ್ಲ. ಪಂಕ್ತಿಯಲ್ಲಿ ಮೊದಲು ಕೂತವನ ಎಲೆಗೆ ಪಾಯಸ, ಕಡೆಯವನಿಗೆ ಬರೀ ಅನ್ನ ಎಂಬಂತೆ ಒಳಗಿನವು ಗಾಢ ಮಿಶ್ರಣದಲ್ಲೂ ಹೊರಗಿನವು ಬಡ ಮಿಶ್ರಣದಲ್ಲೂ ಓಡುತ್ತವೆ. ಬಡ ಮಿಶ್ರಣದ ಸಿಲಿಂಡರ್ ಹೆಚ್ಚು ಹೊರೆಯಲ್ಲಿ ‘ನಾಕಿಂಗ್’ (ಮಿಶ್ರಣ ಅಡ್ಡಾದಿಡ್ಡಿಯಾಗಿ ಸಿಡಿಯುವುದು) ಶುರುಮಾಡಿದರೆ ಪಿಸ್ಟನ್ನಿಗೇ ಸಂಚಕಾರ.

ಈ ಗೋಳನ್ನು ಕಾರ್ಖಾನೆಯವರೇ ಅನುಭವಿಸಿದ್ದರು. ರೋವರ್ ಕಂಪನಿ 1991ರಲ್ಲಿ ಮಿನಿ ಕೂಪರಿಗೆ ಇಂಜೆಕ್ಷನ್ ತಂದಾಗ, ಕಾರ್ಬ್ಯುರೇಟರ್ ಇದ್ದ ಜಾಗದಲ್ಲೇ ಒಂದು ಥ್ರಾಟಲ್ ಬಾಡಿ (ಒಳಬರುವ ಗಾಳಿಯನ್ನು ಹಿಡಿತದಲ್ಲಿಡುವ ಕವಾಟದ ಗೂಡು) ಇಟ್ಟು, ಅದರ ನೆತ್ತಿಯಲ್ಲಿ ಒಂದೇ ಇಂಜೆಕ್ಟರ್ ಕೂರಿಸಿತು. 1996ರಲ್ಲಿ ಎರಡು ಬಾಯಿಗಳಿಗೆ ಎರಡು ಇಂಜೆಕ್ಟರುಗಳನ್ನು ಹಾಕುವ ಧೈರ್ಯ ಮಾಡಿತಾದರೂ, ಅದಕ್ಕಾಗಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಸ್ಥಾನವನ್ನು ಹೇಳುವ ಸೆನ್ಸರನ್ನು ಸೇರಿಸಿ, ಪ್ರತಿ ಸಿಲಿಂಡರಿನ ಪಾಲನ್ನು ಅದರದರ ಉಸಿರಿನ ಹೊತ್ತಿಗೆ ಬೇರೆಬೇರೆಯಾಗಿ ಸಿಂಪಡಿಸಬೇಕಾಯಿತು. ಈ ಎಂಜಿನ್ 2000ದಲ್ಲಿ ಮಿನಿಯ ಜೊತೆಗೇ ನಿಂತಿತು.

ಮನೆಯ ಗ್ಯಾರೇಜಿನಲ್ಲಿ ಈ ಎರಡನೆಯ ದಾರಿ ಹಿಡಿಯಬಹುದೇ? ಲೆಕ್ಕ ಹಾಕಿ ನೋಡಬೇಕು. ಸುಮಾರು 50 ಅಶ್ವಶಕ್ತಿಯ ಅಂಬಾಸಿಡರ್ ಎಂಜಿನ್ ಪೂರ್ಣ ಹೊರೆಯಲ್ಲಿ ನಿಮಿಷಕ್ಕೆ ಹತ್ತಿರಹತ್ತಿರ 250 ಮಿಲಿಲೀಟರ್ ಪೆಟ್ರೋಲ್ ಕುಡಿಯುತ್ತದೆ; ಇ20 ಆದರೆ 270. ಒಂದೇ ಇಂಜೆಕ್ಟರಾದರೆ, ಅದು ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂಬ ರೂಢಿಯಂತೆ, ನಿಮಿಷಕ್ಕೆ 340 ಮಿಲಿಲೀಟರ್ ಬಿಡಬಲ್ಲದ್ದು ಸಾಕು. ಎರಡು ಇಂಜೆಕ್ಟರುಗಳನ್ನು ಹೊತ್ತು ನೋಡಿ ತೆರೆಯುವುದಾದರೆ, ಪ್ರತಿ ಸಿಲಿಂಡರಿಗೆ ಕ್ರ್ಯಾಂಕಿನ 120 ಡಿಗ್ರಿಯಷ್ಟೇ ಅವಕಾಶವೆಂದು ಹಿಡಿದರೆ, ಒಂದೊಂದೂ 400 ಮಿಲಿಲೀಟರಿನದಾಗಬೇಕು. ಇದು ಅಸಾಧ್ಯವಾದ ಗಾತ್ರವೇನಲ್ಲ. ಆದರೆ 4500 ಸುತ್ತಿನ ವೇಗದಲ್ಲಿ 120 ಡಿಗ್ರಿ ಎಂದರೆ ಬರೀ 4.4 ಮಿಲಿಸೆಕೆಂಡ್, ಆ ಸಿಂಪರಣೆ ಯಾವ ಡಿಗ್ರಿಗೆ ಶುರುವಾಗಬೇಕೆಂಬುದು ಪ್ರತಿ ವೇಗಕ್ಕೂ ಬೇರೆ, ಮತ್ತು ಅದನ್ನು ಎಂಜಿನ್ನಿನ ಶಕ್ತಿ ಅಳೆಯುವ ಡೈನಮೋಮೀಟರಿನ ಮೇಲೆ ಓಡಿಸಿಯೇ ಕಂಡುಕೊಳ್ಳಬೇಕು. ಎಂಜಿಬಿಯನ್ನು ರೇಸಿಗೆ ಸಿದ್ಧಪಡಿಸುವವರು ಆ ಶ್ರಮ ಪಡಲಿ, ಅಥವಾ ಬಿ ಸೀರೀಸಿಗೆಂದೇ ಸಿಗುವ ಎಂಟು ಬಾಯಿಯ ಕ್ರಾಸ್‌ಫ್ಲೋ ಹೆಡ್ (ಗಾಳಿ ಒಂದು ಪಕ್ಕದಿಂದ ಬಂದು ಹೊಗೆ ಇನ್ನೊಂದು ಪಕ್ಕದಿಂದ ಹೋಗುವಂಥದ್ದು) ಕೊಳ್ಳಲಿ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಿಬರುವ ಅಂಬಾಸಿಡರಿಗೆ ಥ್ರಾಟಲ್ ಬಾಡಿಯ ಒಂದೇ ಇಂಜೆಕ್ಟರ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಂದ ಹೊರಟ ಪೆಟ್ರೋಲ್ ಮ್ಯಾನಿಫೋಲ್ಡಿನ ಉದ್ದಕ್ಕೂ ಗಾಳಿಯೊಡನೆ ಬೆರೆಯುತ್ತ ಬರುವುದರಿಂದ ಪಾಲು ಹಂಚಿಕೆಯ ಜಗಳ ತಗ್ಗುತ್ತದೆ. ಒಳದಾರಿಯೂ ಹೊಗೆದಾರಿಯೂ ಒಂದೇ ಪಕ್ಕದಲ್ಲಿರುವ ಈ ಎಂಜಿನ್ನಿನಲ್ಲಿ ಹೊಗೆಯ ಬಿಸಿಯೇ ಅದನ್ನು ಆವಿಯಾಗಿಸಲು ನೆರವಾಗುತ್ತದೆ.

ಇಂಜೆಕ್ಟರಿಗಿಂತ ಹೆಚ್ಚು ತಲೆನೋವು ಕೊಡುವುದು ಅದರ ಪರಿವಾರ. ಕಾರ್ಬ್ಯುರೇಟರಿಗೆ 0.2 ಅಥವಾ 0.3 ಬಾರ್ ಒತ್ತಡ ಸಾಕಿದ್ದರೆ, ಥ್ರಾಟಲ್ ಬಾಡಿಗೆ ಅದರ ಜಾತಿಗೆ ತಕ್ಕಂತೆ 1ರಿಂದ 4 ಬಾರ್‌ವರೆಗೆ ಬೇಕು. ಹೀಗಾಗಿ ವಿದ್ಯುತ್ ಪಂಪು, ಟ್ಯಾಂಕಿಗೆ ಮರಳುವ ಇನ್ನೊಂದು ಕೊಳವೆ, ಎಥನಾಲನ್ನೂ ಒತ್ತಡವನ್ನೂ ತಡೆಯುವ ರಬ್ಬರ್ ಇವೆಲ್ಲ ಹೊಸದಾಗಿ ಬರಬೇಕು. ಎಂಜಿನ್ ನಿಂತ ಕ್ಷಣ ಪಂಪು ನಿಲ್ಲುವಂತೆ ಕಂಪ್ಯೂಟರಿಗೆ ರಿಲೇ ಕೊಡದೆ ನೇರವಾಗಿ ಇಗ್ನಿಷನ್ ಸ್ವಿಚ್ಚಿಗೆ ತಂತಿ ಎಳೆಯುವ ಅಡ್ಡದಾರಿ, ಅಪಘಾತದಲ್ಲಿ ಬೆಂಕಿಗೆ ಆಹ್ವಾನ. ಅರವತ್ತರ ದಶಕದ ಕಾರಾದರೆ ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಿದೆ ಎಂದು ಮೊದಲು ನೋಡಬೇಕು. ಪಾಸಿಟಿವ್ ಅರ್ತಿಂಗ್ ಇದ್ದರೆ ಅದನ್ನು ಬದಲಾಯಿಸದೆ ಯಾವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನೂ ಜೋಡಿಸುವಂತಿಲ್ಲ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದು ಷೋಕಿಯಲ್ಲ: ವೋಲ್ಟೇಜ್ ಕುಸಿದಷ್ಟೂ ಇಂಜೆಕ್ಟರ್ ತಡವಾಗಿ ತೆರೆದುಕೊಳ್ಳುತ್ತದೆ, ಮತ್ತು ಐಡ್ಲಿಂಗಿನಲ್ಲಿ ಒಂದೂವರೆ ಮಿಲಿಸೆಕೆಂಡಿನ ಸಿಂಪರಣೆಯಲ್ಲಿ ಅರ್ಧ ಮಿಲಿಸೆಕೆಂಡಿನ ತಡವೆಂದರೆ ಮೂರನೇ ಒಂದು ಪಾಲು ಪೆಟ್ರೋಲ್.

ಎಲ್ಲ ಜೋಡಿಸಿ, ಲ್ಯಾಂಬ್ಡಾ ಮೀಟರ್ ಅಚ್ಚುಕಟ್ಟಾದ ಅಂಕಿ ತೋರಿಸತೊಡಗಿದ ಮೇಲೂ ನಂಬಿ ಕೂರುವ ಹಾಗಿಲ್ಲ. ನಾಲ್ಕು ಸಿಲಿಂಡರುಗಳ ಹೊಗೆ ಬೆರೆತ ಮೇಲೆ ಸಿಗುವ ಸರಾಸರಿ ಅದು. ಎರಡು ಗಾಢ, ಎರಡು ಬಡವಾಗಿದ್ದರೂ ಮೀಟರಿನ ಕಣ್ಣಿಗೆ ಎಲ್ಲವೂ ಕ್ಷೇಮ. ನೂರು ಕಿಲೋಮೀಟರ್ ಓಡಿಸಿದ ಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡಬೇಕು. ನಾಲ್ಕೂ ಒಂದೇ ತಿಳಿಗಂದು ಬಣ್ಣಕ್ಕಿದ್ದರೆ ಹಂಚಿಕೆ ಸರಿಯಾಗಿದೆ. ನಡುವಿನ ಎರಡು ಕಪ್ಪಾಗಿ, ತುದಿಯ ಎರಡು ಬಿಳಿಚಿಕೊಂಡಿದ್ದರೆ, ಥ್ರಾಟಲ್ ಬಾಡಿ ಹಾಕಿದ ಮೇಲೂ ಪೆಟ್ರೋಲ್ ಬೆರೆಯದೆ ಮ್ಯಾನಿಫೋಲ್ಡಿನ ತಳದಲ್ಲಿ ಹರಿದುಹೋಗುತ್ತಿದೆ ಎಂದರ್ಥ.