ಊರು ಪಕ್ಷ ಬದಲಾಯಿಸಿತು ಅಂದರೆ ಬದಲಾದವರು ಯಾರು?

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವದ ಗುಡ್ಡಗಳ ನಡುವೆ ಎಲಿಯಟ್ ಅನ್ನೋ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಥರ ಅಂದುಕೊಳ್ಳಿ. ಜನ ಮಾತ್ರ 7,000 ಚಿಲ್ಲರೆ, ನಮ್ಮ ಒಂದು ಗ್ರಾಮ ಪಂಚಾಯಿತಿಯಷ್ಟು. ಹೆಚ್ಚುಕಡಿಮೆ ಎಲ್ಲರೂ ಬಿಳಿಯರು, ದುಡಿದು ತಿನ್ನುವವರು.

1869ರಲ್ಲಿ ಹುಟ್ಟಿದ ಈ ಕೌಂಟಿ 1872ರಿಂದ 2012ರವರೆಗಿನ 36 ಅಧ್ಯಕ್ಷ ಚುನಾವಣೆಗಳಲ್ಲಿ ಒಂದು ಸಲವೂ ಡೆಮಾಕ್ರಟಿಕ್ ಪಕ್ಷದ ಕೈಬಿಡಲಿಲ್ಲ. ಎದುರಾಳಿ ರಿಪಬ್ಲಿಕನ್ ಪಕ್ಷದ ನಿಕ್ಸನ್ 1972ರಲ್ಲಿ, ರೇಗನ್ 1984ರಲ್ಲಿ 50ರಲ್ಲಿ 49 ರಾಜ್ಯ ಗೆದ್ದಾಗಲೂ ಎಲಿಯಟ್ ಜಗ್ಗಲಿಲ್ಲ. 2004ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆರ್ರಿಗೆ ಇಲ್ಲಿ ಸುಮಾರು ಶೇ. 70 ಓಟು ಬಿತ್ತು. ಹನ್ನೆರಡೇ ವರ್ಷ. 2016ರಲ್ಲಿ ಅದೇ ಶೇ. 70 ರಿಪಬ್ಲಿಕನ್ ಅಭ್ಯರ್ಥಿ ಡೊನಾಲ್ಡ್ ಟ್ರಂಪ್ ಪಾಲಾಯಿತು.

'ಡೆಮಾಕ್ರಟರೆಲ್ಲ ಟ್ರಂಪ್ ಕಡೆ ಹೋದರು' ಅಂತ ಸಲೀಸಾಗಿ ಹೇಳಿಬಿಡಬಹುದು, ಅಲ್ವಾ? ಶೇಕಡಾವಾರು ಪಕ್ಕಕ್ಕಿಟ್ಟು ಓಟು ಎಣಿಸೋಣ. 2012ರಲ್ಲಿ ಡೆಮಾಕ್ರಟ್ ಒಬಾಮಾಗೆ 1,186, ರಿಪಬ್ಲಿಕನ್ ರಾಮ್ನಿಗೆ 1,126. ಗೆಲುವಿನ ಅಂತರ ಬರೀ 60. ಅಂದರೆ 2016ಕ್ಕೆ ಮುಂಚೆಯೇ ಗೋಡೆ ಬಿರುಕು ಬಿಟ್ಟಿತ್ತು. 2016ರಲ್ಲಿ ಟ್ರಂಪ್‌ಗೆ 2,000, ಹಿಲರಿ ಕ್ಲಿಂಟನ್‌ಗೆ 740. ಡೆಮಾಕ್ರಟಿಕ್ ಪಕ್ಷ ಕಳೆದುಕೊಂಡಿದ್ದು 446 ಓಟು. ರಿಪಬ್ಲಿಕನ್ ಪಕ್ಷ ಗಳಿಸಿದ್ದು 874. ಕಳೆದ ಅಷ್ಟೂ ಓಟು ನೇರ ಟ್ರಂಪ್ ಪೆಟ್ಟಿಗೆಗೇ ಬಿತ್ತು ಅಂತ ಇಟ್ಟುಕೊಂಡರೂ ಇನ್ನೂ 428 ಓಟಿಗೆ ಲೆಕ್ಕ ಸಿಗೋದಿಲ್ಲ. ಆ ಸಲ ಒಟ್ಟು ಮತದಾನವೇ 450ರಷ್ಟು ಏರಿತ್ತು. ಹಿಂದಿನ ಸಲ ಮನೆಯಲ್ಲೇ ಕೂತವರು, ಹೊಸದಾಗಿ ಓಟು ಬಂದ ಹುಡುಗರು, ಬೇರೆ ಕಡೆಯಿಂದ ಬಂದು ನೆಲೆಸಿದವರು ಇದರಲ್ಲಿ ಸೇರಿರಬಹುದು. ನಾಲ್ಕು ವರ್ಷದಲ್ಲಿ ತೀರಿಕೊಂಡ ಹಳೇ ತಲೆಗಳನ್ನೂ ಮರೆಯೋ ಹಾಗಿಲ್ಲ.

ಯಾರು ಎತ್ತ ಹೋದರು ಅಂತ ಈ ಅಂಕಿಗಳು ಹೇಳಲಾರವು. 1950ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ರಾಬಿನ್ಸನ್ ಇದನ್ನೇ ಚೆನ್ನಾಗಿ ತೋರಿಸಿಕೊಟ್ಟರು. 1930ರ ಜನಗಣತಿಯಲ್ಲಿ, ವಲಸಿಗರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಅನಕ್ಷರಸ್ಥರು ಕಡಿಮೆ. ಹಾಗಾದರೆ ವಲಸಿಗರು ಹೆಚ್ಚು ಓದಿದವರಾ? ಒಬ್ಬೊಬ್ಬರನ್ನೇ ನೋಡಿದರೆ ಉಲ್ಟಾ: ವಲಸಿಗರಲ್ಲೇ ಅನಕ್ಷರತೆ ಸ್ವಲ್ಪ ಹೆಚ್ಚಿತ್ತು. ಅವರು ಹೋಗಿ ನೆಲೆಸಿದ್ದು ಮೊದಲೇ ಓದು ಬಲ್ಲವರಿದ್ದ ರಾಜ್ಯಗಳಲ್ಲಿ, ಅಷ್ಟೇ. ಗುಂಪಿನ ಗುಣವನ್ನು ಒಬ್ಬೊಬ್ಬರ ತಲೆಗೂ ಕಟ್ಟುವ ಈ ತಪ್ಪಿಗೆ ಇಕಲಾಜಿಕಲ್ ಫ್ಯಾಲಸಿ ಅಂತ ಹೆಸರು. ಟಿವಿಯಲ್ಲಿ 'ಈ ಸಮುದಾಯ ಈ ಸಲ ಆ ಪಕ್ಷಕ್ಕೆ ಹಾಕಿದೆ' ಅಂತ ಕ್ಷೇತ್ರದ ನಕ್ಷೆ ನೋಡಿಕೊಂಡೇ ಹೇಳೋರು ದಿನಾ ಮಾಡೋದು ಇದನ್ನೇ.

ಹಾಗಂತ ಕಾರಣ ಹುಡುಕಬಾರದು ಅಂತಲ್ಲ. ಇಲ್ಲಿನ ಸಣ್ಣ ರೈತರ ಕೈಗೆ ಕಾಸು ತಂದ ಬೆಳೆ ಬರ್ಲಿ ತಂಬಾಕು. ಗಿಡವನ್ನು ದಂಟಿನ ಸಮೇತ ಕಡಿದು, ಕೋಲಿಗೆ ಚುಚ್ಚಿ, ಕೊಟ್ಟಿಗೆಯ ತೊಲೆಗಳ ಮೇಲೆ ವಾರಗಟ್ಟಲೆ ನೇತುಹಾಕಿ ಗಾಳಿಗೆ ಒಣಗಿಸುತ್ತಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್ನಿನ ಹಾಗೆ ಸೌದೆ ಉರಿಸಿ ಬೇಯಿಸೋದಿಲ್ಲ. ಇಂತಿಷ್ಟೇ ಬೆಳೆಯಬೇಕು ಅನ್ನೋ ಕೋಟಾ, ಅದಕ್ಕೊಂದು ಕನಿಷ್ಠ ಬೆಲೆ, ಎರಡೂ 1930ರ ದಶಕದಲ್ಲಿ ಡೆಮಾಕ್ರಟ್ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದ ಕಾಲಕ್ಕೆ ಶುರುವಾದವು. ಆಗ 'ನಮ್ಮ ಪಕ್ಷ' ಅಂದರೆ ಅಪ್ಪ ಹೇಳಿದ ಮಾತಷ್ಟೇ ಅಲ್ಲ, ವರ್ಷದ ಕೊನೆಗೆ ಕೈಗೆ ಬರೋ ದುಡ್ಡೂ ಹೌದು. 2004ರ ಕಾಯ್ದೆ ಆ ಕೋಟಾವನ್ನು ಮುಗಿಸಿತು. ತಂಬಾಕು ಹೋಗಿದ್ದರಿಂದಲೇ ಓಟು ಹೋಯಿತು ಅಂತ ನಾನು ಹೇಳಲಾರೆ. ಆದರೆ ಪಕ್ಷಕ್ಕೂ ಹೊಲಕ್ಕೂ ಇದ್ದ ಒಂದು ಗಂಟು ಬಿಚ್ಚಿಹೋಯಿತು. ಆಮೇಲೆ ಅಧ್ಯಕ್ಷರ ಚುನಾವಣೆ ಅಂದರೆ ಕಲ್ಲಿದ್ದಲು, ಬಂದೂಕು, ಗರ್ಭಪಾತದ ಜಗಳವೇ ಮುಂದೆ ಬಂತು.

ರಾಜ್ಯದ ಚುನಾವಣೆ ಬೇರೆಯೇ ದಾರಿ ಹಿಡಿದಿತ್ತು. ಎಲಿಯಟ್‌ನವರೇ ಆದ ಡೆಮಾಕ್ರಟ್ ರಾಕಿ ಆಡ್ಕಿನ್ಸ್ 1987ರಿಂದ ಮೂರು ದಶಕ ರಾಜ್ಯದ ಶಾಸನಸಭೆಯಲ್ಲಿದ್ದರು. 2019ರ ನವೆಂಬರ್‌ನಲ್ಲಿ ಕೆಂಟಕಿ ರಾಜ್ಯಪಾಲರ ಚುನಾವಣೆ ನಡೆಯಿತು. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಜನ ನೇರವಾಗಿ ಆರಿಸುತ್ತಾರೆ. ಎಲಿಯಟ್‌ನಲ್ಲಿ ಗೆದ್ದಿದ್ದು ಡೆಮಾಕ್ರಟ್ ಆಂಡಿ ಬೆಶಿಯರ್. ಸರಿಯಾಗಿ ಒಂದು ವರ್ಷಕ್ಕೆ, 2020ರ ನವೆಂಬರ್‌ನಲ್ಲಿ, ಅದೇ ಕೌಂಟಿಯ ಮುಕ್ಕಾಲು ಪಾಲು ಓಟು ಟ್ರಂಪ್‌ಗೆ ಬಿತ್ತು.