ಎಲೆಯ ಪೊರೆಯಲ್ಲಿ ಉಳಿದ ಜುರಾಸಿಕ್ ಗಾಳಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಬಂಡೆಗಳಲ್ಲಿ ಸಿಗುವಂಥ, ಸುಮಾರು 17 ಕೋಟಿ ವರ್ಷ ಹಳೆಯ, ಜುರಾಸಿಕ್ ಯುಗದ ಎಲೆಯ ಪಳೆಯುಳಿಕೆಯ ಚೂರೊಂದನ್ನು ನೈಟ್ರಿಕ್ ಆಮ್ಲ ಮತ್ತು ಪೊಟಾಸಿಯಂ ಕ್ಲೋರೇಟ್ ಮಿಶ್ರಣದಲ್ಲಿ ನೆನೆಸಿಡುತ್ತೇವೆ. ಇದ್ದಿಲಿನಂತಿದ್ದ ಚೂರು ನಿಧಾನವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಬಳಿಕ ತೆಳು ಕ್ಷಾರದಲ್ಲಿ ಅದ್ದಿದರೆ ಒಳಗಿನ ಕಪ್ಪೆಲ್ಲ ಕರಗಿ, ಮೇಣದಂಥ ಹೊರಪೊರೆ ಮಾತ್ರ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಗಡಿಗಳು ಒಂದೊಂದಾಗಿ ಕಾಣತೊಡಗಿದಾಗ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ.

ಈ ಪೊರೆ ಇಲ್ಲದಿದ್ದರೆ ನಾವು ಮೋಸಹೋಗುತ್ತಿದ್ದೆವು. ಜುರಾಸಿಕ್ ಕಾಡಿನಲ್ಲಿ ಜರೀಗಿಡ, ಬೀಸಣಿಗೆಯಂಥ ಎಲೆಯ ಗಿಂಕ್ಗೊ, ಪೈನ್ ಜಾತಿಯ ಕೋನಿಫರ್‌ಗಳ ಜೊತೆಗೆ, ತಾಳೆಯಂತೆ ಕಾಣುವ ಸೈಕಾಡ್‌ಗಳಿದ್ದವು. ಅವುಗಳಂತೆಯೇ ಕಾಣುವ, ಈಗ ಪೂರ್ತಿ ಅಳಿದುಹೋಗಿರುವ ಬೆನೆಟೈಟೇಲ್ಸ್ ಗುಂಪೂ ಇತ್ತು. ಗರಿಯಂಥ ಎಲೆ ಎರಡಕ್ಕೂ ಒಂದೇ. ಪತ್ರರಂಧ್ರದ, ಅಂದರೆ ಎಲೆ ಗಾಳಿ ಎಳೆದುಕೊಳ್ಳುವ ಸೂಕ್ಷ್ಮ ತೂತಿನ, ಸುತ್ತಲಿನ ಕೋಶಗಳ ಜೋಡಣೆ ಮಾತ್ರ ಬೇರೆ. ಬರಿಗಣ್ಣಿಗೆ ಸೈಕಾಡ್ ಎನಿಸಿದ ಎಷ್ಟೋ ಎಲೆಗಳು ಹೀಗೆ ತಮ್ಮ ನಿಜವಾದ ಕುಲ ಸೇರಿದವು.

ಪತ್ರರಂಧ್ರಗಳ ಸಂಖ್ಯೆಯೂ ಮಾತಾಡುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರೆ ಅನೇಕ ಸಸ್ಯಗಳು ಕಡಿಮೆ ರಂಧ್ರಗಳಿಂದಲೇ ಸಾಕಷ್ಟು ಅನಿಲ ಪಡೆದುಕೊಳ್ಳುತ್ತವೆ. ನೀರಿನ ನಷ್ಟವೂ ತಗ್ಗುತ್ತದೆ. ಗ್ರೀನ್‌ಲ್ಯಾಂಡ್ ಮತ್ತು ಸ್ವೀಡನ್ನಿನ ಎಲೆಗಳಲ್ಲಿ ರಂಧ್ರ ಎಣಿಸಿದ ಸಸ್ಯ ಪಳೆಯುಳಿಕೆ ತಜ್ಞೆ ಜೆನಿಫರ್ ಮೆಕ್‌ಎಲ್ವೇನ್ ಮತ್ತು ಸಂಗಡಿಗರು, ಸುಮಾರು 20 ಕೋಟಿ ವರ್ಷಗಳ ಹಿಂದೆ ಜುರಾಸಿಕ್ ಆರಂಭವಾಗುವ ಹೊತ್ತಿಗೆ ಈ ಅನಿಲ ಅಂದಾಜು ನಾಲ್ಕು ಪಟ್ಟು ಏರಿತ್ತೆಂದು 1999ರಲ್ಲಿ ತೋರಿಸಿದರು. ಅದೇ ಕಾಲಕ್ಕೆ ಭೂಖಂಡ ಒಡೆಯುತ್ತ ಭಾರೀ ಪ್ರಮಾಣದಲ್ಲಿ ಲಾವಾ ಉಕ್ಕುತ್ತಿತ್ತು.

ಆದರೆ ಒಂದೆರಡು ಎಲೆಗಳನ್ನು ಹಿಡಿದು ಇಡೀ ಯುಗದ ಹವೆ ಹೇಳುವುದು ದುಡುಕು. ನೆರಳಿನ ಎಲೆಗೂ ಬಿಸಿಲಿನ ಎಲೆಗೂ ರಂಧ್ರಗಳ ಲೆಕ್ಕ ಬೇರೆ. ಜುರಾಸಿಕ್ ಎಂದರೆ ಎಲ್ಲೆಲ್ಲೂ ಜೌಗು ಕಾಡು ಎಂಬ ಚಿತ್ರವೂ ಸರಿಯಲ್ಲ. ಆ ಯುಗದ ಕೊನೆಗೆ ಸೇರುವ, ಇಂಗ್ಲೆಂಡಿನ ಡಾರ್ಸೆಟ್ ತೀರದ ಶಿಲಾರಣ್ಯವನ್ನೇ (ಕಲ್ಲಾಗಿ ಉಳಿದ ಕಾಡನ್ನೇ) ನೋಡಿ: ಕೋನಿಫರ್ ಕಾಂಡಗಳಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರಗಳು ಕಿರಿದು, ಒಂದು ವರ್ಷದ್ದಕ್ಕೂ ಮತ್ತೊಂದರದ್ದಕ್ಕೂ ತಾಳೆಯಿಲ್ಲ. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಸುಡುಬಿಸಿಲು. ನೀರು ಸಿಕ್ಕ ವರ್ಷ ಮರ ತುಸು ದಪ್ಪಗಾಗಿದೆ, ಸಿಗದ ವರ್ಷ ಹೆಚ್ಚುಕಡಿಮೆ ಬೆಳೆದೇ ಇಲ್ಲ.